ಬೆಡ್‌ಶೀಟಿನ ಕಂದು ಕಲೆಗೆ ಬ್ಲೀಚ್ ಬೇಡ

ಬದಿಯಡ್ಕದ ನಿಮ್ಮ ಮನೆಯ ಕೊಳವೆಬಾವಿಯ ನೀರಿನಲ್ಲಿ ಒಗೆದ ಬಿಳಿ ಹತ್ತಿಯ ಬೆಡ್‌ಶೀಟುಗಳಲ್ಲಿ ಕಂದು ಕಲೆ ಮೂಡಿ, ಬ್ಲೀಚ್ ಹಾಕಿದಷ್ಟೂ ಹೆಚ್ಚುತ್ತಿರುವುದಕ್ಕೆ ನೀರಿನಲ್ಲಿ ಕರಗಿರುವ ಕಬ್ಬಿಣವೇ ಕಾರಣವಿರಬೇಕು. ಬ್ಲೀಚ್ ಅದನ್ನು ತುಕ್ಕಾಗಿಸಿ ನೂಲಿಗೆ ಅಂಟಿಸುತ್ತದೆ. ಆಗತಾನೇ ಎತ್ತಿದ ತಿಳಿನೀರನ್ನು ಬಿಳಿ ಬಕೆಟ್ಟಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದಲ್ಲಿ ಕಿತ್ತಳೆ ಬಣ್ಣದ ಗಸಿ ಕಂಡರೆ ಸಂಶಯ ಬೇಡ.

ಮೊದಲು ಬಟ್ಟೆಯಲ್ಲಿರುವ ಬ್ಲೀಚ್ ಪೂರ್ತಿ ಹೋಗುವಂತೆ ಹಲವು ಸಲ ಜಾಲಾಡಿಸಿ. ಬ್ಲೀಚಿಗೆ ಹುಳಿ (ಆಸಿಡ್) ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುವುದರಿಂದ ಇದರಲ್ಲಿ ಉದಾಸೀನ ಸಲ್ಲದು. ಬಳಿಕ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 5 ಲೀಟರ್ ಬೆಚ್ಚಗಿನ ನೀರಿಗೆ 2 ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ, ಒಂದು ಗಂಟೆ ನೆನೆಸಿಡಿ. ಹಳೆಯ ಕಲೆಗೆ ಇದನ್ನೇ ಮತ್ತೊಮ್ಮೆ ಮಾಡಬೇಕಾದೀತು. ಕೊನೆಯ ಜಾಲಾಟಕ್ಕೆ ಮಾತ್ರ ಮಳೆನೀರನ್ನೋ ಕಬ್ಬಿಣವಿಲ್ಲದ ತೆರೆದ ಬಾವಿಯ ನೀರನ್ನೋ ಬಳಸಿ, ಹುಳಿ ಲವಲೇಶವೂ ಉಳಿಯದಂತೆ ನೋಡಿಕೊಳ್ಳಿ. ಉಳಿದರೆ ಇಸ್ತ್ರಿಯ ಬಿಸಿಗೆ ಹತ್ತಿ ಜೀರ್ಣವಾಗುತ್ತದೆ. ಸಾಸಿವೆಯಷ್ಟು ಚಿಕ್ಕ ಕಪ್ಪು ಚುಕ್ಕೆಗಳಿದ್ದರೆ ಅದು ಬೂಸ್ಟು, ಅದಕ್ಕೆ ಈ ಉಪಾಯ ಸಾಲದು.

ಹೊಸ ಬೆಡ್‌ಶೀಟ್ ಕೊಳ್ಳುವಾಗ ಚದರ ಇಂಚಿಗೆ 800 ಎಳೆಯ, ನುಣುಪಾದ ದಪ್ಪ ಸ್ಯಾಟೀನ್ ನೇಯ್ಗೆಗಿಂತ 250–300 ಎಳೆಯ ಪರ್ಕೇಲ್ ಎಂಬ ಸಾದಾ ನೇಯ್ಗೆಯನ್ನು ಆರಿಸಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿಯೂ ಅದು ಬೇಗ ಒಣಗುತ್ತದೆ.