ಏಜೆಂಟ್ ಸುಳ್ಳು ಹೇಳಿ ಮುಂಗಡ ತೆಗೆದುಕೊಂಡರೆ ದೂರು ಎಲ್ಲಿ?

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟಿಗೆ ಏಜೆಂಟ್ ಕೈಗೆ ಎರಡು ಲಕ್ಷ ಮುಂಗಡ ಕೊಟ್ಟಿರಿ, ಆತ ಹೇಳಿದ ಕ್ಲಬ್‌ಹೌಸ್ ಪ್ಲಾನಿನಲ್ಲೇ ಇಲ್ಲ, ಯಾರಿಗೆ ದೂರು ಕೊಡಲಿ ಅಂತ ಕೇಳಿದ್ದೀರಿ. ಓದಿ ತುಂಬಾ ಬೇಜಾರಾಯಿತು.

ಮೊದಲು ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟ್ ನೋಡಿ. ಪ್ರಾಜೆಕ್ಟ್ ನೋಂದಣಿ ಆಗಿದೆಯಾ, ಏಜೆಂಟ್ ಹೆಸರು ಅಲ್ಲಿದೆಯಾ? 2016ರ ರೇರಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೋಂದಣಿ ಇಲ್ಲದ ಏಜೆಂಟ್ ನೋಂದಣಿಯಾದ ಪ್ರಾಜೆಕ್ಟಿನ ಮನೆ ಮಾರಿಸುವ ಹಾಗೇ ಇಲ್ಲ. ಸುಳ್ಳು ಭರವಸೆ ಕೊಡುವುದು 10ನೇ ಸೆಕ್ಷನ್ ಪ್ರಕಾರ ತಪ್ಪು. ದಂಡ ದಿನಕ್ಕೆ 10,000 ರೂಪಾಯಿ, ಒಟ್ಟು ಮನೆ ಬೆಲೆಯ ಶೇ. 5ರವರೆಗೂ ಹೋಗಬಹುದು.

ರೇರಾಗೆ ದೂರನ್ನು ಆನ್‌ಲೈನಲ್ಲೇ ಸಲ್ಲಿಸಬಹುದು. ಲಾಯರ್ ಇಲ್ಲದೆ ನೀವೇ ವಾದಿಸಬಹುದು. ನನ್ನ ತಂಗಿಯ ಕೇಸಿನಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು ಒಂದು ವಾಟ್ಸ್ಆ್ಯಪ್ ಮೆಸೇಜ್. "ಕ್ಲಬ್‌ಹೌಸ್ ಗ್ಯಾರಂಟಿ ಮೇಡಂ" ಅಂತ ಏಜೆಂಟೇ ಬರೆದಿದ್ದ. ಹಾಗಾಗಿ ಚಾಟ್ ಅಳಿಸಬೇಡಿ, ದಿನಾಂಕ ಕಾಣುವ ಹಾಗೆ ಪ್ರಿಂಟ್ ತೆಗೆಸಿ. ಬ್ರೋಷರ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಡಿ. ಮುಂಗಡ ನಗದಾಗಿ ಕೊಟ್ಟಿದ್ದರೆ ಈಗಲೇ ರಸೀದಿ ಕೇಳಿ, ಅದೂ ಬರಹದಲ್ಲಿ.

ಹಳೇ ಮನೆಯ ಮರುಮಾರಾಟ ಆಗಿದ್ದರೆ ಮಾತ್ರ ದಾರಿ ಬೇರೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕಾಗುತ್ತದೆ. ಪ್ರಾಜೆಕ್ಟ್ ನೋಂದಣಿ ಇದೆಯಾ ಅಂತ ನೋಡಿ ಇಲ್ಲೇ ತಿಳಿಸಿ, ದೂರಿನ ಕರಡು ಬರೆಯಲು ನಾನು ಜೊತೆಗಿರುತ್ತೇನೆ.