ಭಕ್ತಿಯ ಪುಸ್ತಕ ಕೆಲಸ ಕಲಿಸಿತು, ಓತಿಯ ಕಥೆ ನಂಬಿಕೆ ಕೊಟ್ಟಿತು

ನಂಬಿಕೆ, ಕೆಲಸ, ಯೋಚನೆ, ಈ ಮೂರನ್ನೂ ರೂಪಿಸಿದ ಮೆಚ್ಚಿನ ಪುಸ್ತಕಗಳು ಯಾವುವು, ಒಂದೊಂದಕ್ಕೂ ಒಂದೊಂದು ಹೇಳಿ ಅಂತ ಕೇಳಿದ್ದೀರಿ. ಹೆಸರು ಹೇಳುವುದು ಕಷ್ಟವಲ್ಲ. ಆದರೆ ಒಂದೊಂದಕ್ಕೂ ಒಂದೊಂದು ಅಂತ ಹಂಚಲು ಕೂತರೆ ನನ್ನ ಲೆಕ್ಕ ಕೂಡುವುದಿಲ್ಲ. ಭಕ್ತಿಗೆ ಅಂತ ಹಿಡಿದ ಪುಸ್ತಕ ನನಗೆ ಕೆಲಸ ಕಲಿಸಿತು. ಕಾಡಿನಲ್ಲಿ ಓತಿಯನ್ನು ಹುಡುಕಿಕೊಂಡು ಹೋಗುವ ಕಾದಂಬರಿ ನಂಬಿಕೆಯ ಕಡೆ ತಿರುಗಿಸಿತು. ಹಾಗಾಗಿ ವಿಂಗಡಿಸುವುದಿಲ್ಲ. ಯಾವುದು ಎಲ್ಲಿ ತಾಗಿತು ಅಂತ ಮಾತ್ರ ಹೇಳುತ್ತೇನೆ.

ಮೊದಲು ವಚನಗಳು. ಶಾಲೆಯಲ್ಲಿ ನಾವೆಲ್ಲ ಓದುವುದು ಅದೇ ಹತ್ತು ಹನ್ನೆರಡು ವಚನ. ಬಾಯಿಪಾಠ ಮಾಡಿ ಮುಗಿಸುತ್ತೇವೆ. ನನಗೆ ವಚನ ನಿಜವಾಗಿ ಸಿಕ್ಕಿದ್ದು ಆಯ್ದಕ್ಕಿ ಲಕ್ಕಮ್ಮನಿಂದ. 12ನೇ ಶತಮಾನದ ಹೆಣ್ಣುಮಗಳು. ಅವಳೂ ಗಂಡ ಮಾರಯ್ಯನೂ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಲ್ಲೇ ದಾಸೋಹ ಮಾಡುತ್ತಿದ್ದವರು. ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತರುತ್ತಾನೆ. ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಚೆಲ್ಲಿದ್ದನ್ನೇ ಆಯ್ದದ್ದು. ಆದರೂ ಲಕ್ಕಮ್ಮ ಒಳಗೆ ಸೇರಿಸುವುದಿಲ್ಲ. “ಈಸಕ್ಕಿಯಾಸೆ ನಿಮಗೇಕೆ?” ಅಂತ ಕೇಳುತ್ತಾಳೆ. ಇನ್ನೊಂದು ವಚನದಲ್ಲಿ ನೇರವಾಗಿ ಹೇಳಿಬಿಡುತ್ತಾಳೆ, “ಅಲ್ಲಿಯೆ ಸುರಿದು ಬನ್ನಿ ಮಾರಯ್ಯಾ.”

ಎಷ್ಟು ಮರ್ಯಾದೆಯಿಂದ, ಎಷ್ಟು ಗಟ್ಟಿಯಾಗಿ ಹೇಳುತ್ತಾಳೆ ನೋಡಿ. ಕೂಗಾಟವಿಲ್ಲ, ಉಪದೇಶವಿಲ್ಲ. ಸುರಿದು ಬನ್ನಿ, ಅಷ್ಟೇ.

ನಾನು ಲೆಕ್ಕಪತ್ರದ ಕೆಲಸ ಮಾಡುವವಳು. ತಿಂಗಳ ಕೊನೆಯಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ನಮ್ಮ ಲೆಡ್ಜರನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡಬೇಕು. ಒಮ್ಮೊಮ್ಮೆ ಒಬ್ಬ ಗಿರಾಕಿ ಒಂದೇ ಬಿಲ್ಲಿಗೆ ಎರಡು ಸಲ ಹಣ ಹಾಕಿರುತ್ತಾರೆ. ಅವರಿಗೆ ಅದು ಗೊತ್ತೇ ಇರುವುದಿಲ್ಲ. ಅಂಥ ಹಣವನ್ನು ಸಸ್ಪೆನ್ಸ್ ಅಕೌಂಟಿಗೆ, ಅಂದರೆ ಯಾವ ಲೆಕ್ಕಕ್ಕೆ ಸೇರಿದ್ದು ಅಂತ ತೀರ್ಮಾನವಾಗದ ಹಣ ಇಡುವ ಖಾತೆಗೆ, ಹಾಕಿ ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ. ಅದು ಅಲ್ಲೇ ಕೂತಿರುತ್ತದೆ. ಕೆಲವು ವರ್ಷ ಕಳೆದ ಮೇಲೆ ಹೇಗೋ ಆದಾಯದ ಕಡೆ ಸರಿದುಹೋಗುವುದೂ ಉಂಟು. ಅಂಥ ಸಾಲು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಲಕ್ಕಮ್ಮ ನೆನಪಾಗುತ್ತಾಳೆ. ಅವತ್ತೇ ಗಿರಾಕಿಗೆ ಮೇಲ್ ಬರೆದು, ಹಣ ವಾಪಸ್ ಹಾಕಿಸುವವರೆಗೆ ಆ ಸಾಲಿನ ಮುಂದಿನ ಗುರುತು ಅಳಿಸುವುದಿಲ್ಲ. ಇದು ನನ್ನ ಸಂಬಳದ ಕೆಲಸವೇ, ದೊಡ್ಡ ತ್ಯಾಗವೇನಲ್ಲ. ಆದರೆ ಈ ಕೆಲಸಕ್ಕೂ ದೇವರಿಗೂ ಸಂಬಂಧ ಇದೆ ಅಂತ ನನಗೆ ಮೊದಲು ತೋರಿಸಿದವಳು ಅವಳು.

ಮಾರಯ್ಯನ ವಚನವಂತೂ ಇನ್ನೂ ಮುಂದೆ ಹೋಗುತ್ತದೆ. ಕಾಯಕದಲ್ಲಿ ಮುಳುಗಿದ್ದಾಗ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತರೂ ಅವನ ಹಂಗು ಹರಿಯಬೇಕು ಅನ್ನುತ್ತಾನೆ. ಭಕ್ತನೊಬ್ಬ ಪೂಜೆಯನ್ನೇ ಮರೆತುಬಿಡು ಅನ್ನುತ್ತಿದ್ದಾನೆ! “ಕಾಯಕವೇ ಕೈಲಾಸ” ಅಂತ ಗೋಡೆಗೆ ತೂಗುಹಾಕುವವರು ಆ ಮಾತು ಬರುವ ಈ ವಚನವನ್ನು ಪೂರ್ತಿ ಓದಬೇಕು.

ಈ ವಚನಗಳು ನಮ್ಮ ಕೈಗೆ ಬಂದ ದಾರಿಯೂ ಕಾಯಕದ್ದೇ. ಫ.ಗು. ಹಳಕಟ್ಟಿಯವರು ವಕೀಲರು. ಮನೆ ಮನೆ, ಮಠ ಮಠ ಅಲೆದು ತಾಳೆಗರಿಗಳನ್ನು ಕೂಡಿಹಾಕಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂತು. ಆಮೇಲೆ ಅಚ್ಚು ಹಾಕಲೆಂದೇ ಸ್ವಂತ ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು. ಇದು ಗೊತ್ತಾದ ಮೇಲೆ ವಚನದ ಪುಸ್ತಕವನ್ನು ನಾನು ಅವಸರದಲ್ಲಿ ತೆರೆಯುವುದಿಲ್ಲ.

ಎರಡನೆಯದು ಗಾಂಧೀಜಿಯ ಆತ್ಮಕಥೆ. ಇಡೀ ಪುಸ್ತಕ ಅಂತ ಹೇಳುವುದಿಲ್ಲ, ಅದರಲ್ಲಿ ಒಂದು ಪುಸ್ತಕದ ಬಗ್ಗೆ ಬರುವ ಅಧ್ಯಾಯ. 1904ರ ಮಾತು. ಗಾಂಧೀಜಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್ನಿಗೆ ಹೊರಟಿದ್ದಾರೆ. ಸ್ಟೇಷನ್ನಿಗೆ ಬೀಳ್ಕೊಡಲು ಬಂದ ಗೆಳೆಯ ಪೋಲಕ್, ದಾರಿಯಲ್ಲಿ ಓದಿ ಅಂತ ಒಂದು ಪುಸ್ತಕ ಕೊಡುತ್ತಾರೆ. ಜಾನ್ ರಸ್ಕಿನ್ ಬರೆದ ‘ಅನ್‌ಟು ದಿಸ್ ಲಾಸ್ಟ್’. ಇಪ್ಪತ್ತನಾಲ್ಕು ಗಂಟೆಯ ಪ್ರಯಾಣ. ಹಿಡಿದ ಪುಸ್ತಕ ಕೆಳಗಿಡಲು ಆಗಲಿಲ್ಲ. ಊರು ತಲುಪಿದ ರಾತ್ರಿ ನಿದ್ದೆಯೂ ಬರಲಿಲ್ಲ.

ರಸ್ಕಿನ್ ಬರೆದದ್ದು ಅರ್ಥಶಾಸ್ತ್ರದ ಬಗ್ಗೆ. 1860ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ನಾಲ್ಕು ಪ್ರಬಂಧಗಳು. ಆದರೆ ‘ಈ ಕೊನೆಯವನಿಗೂ’ ಅನ್ನುವ ಅರ್ಥದ ಆ ಹೆಸರು ಬೈಬಲ್ಲಿನ ಒಂದು ಕಥೆಯಿಂದ ಬಂದದ್ದು. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಬಂದ ಕೂಲಿಯವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ ಕೊಡುತ್ತಾನೆ. ಬೆಳಿಗ್ಗೆ ಬಂದವರು ಗೊಣಗುತ್ತಾರೆ. ಸಂಜೆಯವರೆಗೂ ಯಾರೂ ಕೆಲಸಕ್ಕೆ ಕರೆಯದೆ ನಿಂತಿದ್ದವನಿಗೂ ಹೊಟ್ಟೆ ಒಂದೇ ಅಲ್ವಾ?

ಗಾಂಧೀಜಿ ಆ ಪುಸ್ತಕದಿಂದ ಮೂರು ಮಾತು ಎತ್ತಿಕೊಂಡರು. ಎಲ್ಲರ ಒಳಿತಿನಲ್ಲೇ ಒಬ್ಬನ ಒಳಿತಿದೆ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ. ಮೈಮುರಿದು ದುಡಿಯುವ ಬಾಳೇ ಬಾಳು. ಮೊದಲನೆಯದು ತನಗೆ ಗೊತ್ತಿತ್ತು, ಎರಡನೆಯದು ಮಸುಕಾಗಿ ಗೊತ್ತಿತ್ತು, ಮೂರನೆಯದು ಹೊಳೆದೇ ಇರಲಿಲ್ಲ ಅಂತ ಬರೆಯುತ್ತಾರೆ. ನನಗೆ ಈ ಜಾಗ ತುಂಬ ಇಷ್ಟ. ಒಂದು ಪುಸ್ತಕ ತನಗೆ ಕೊಟ್ಟದ್ದು ಎಷ್ಟು, ತನ್ನ ಬಳಿ ಮೊದಲೇ ಇದ್ದದ್ದು ಎಷ್ಟು ಅಂತ ಇಷ್ಟು ಪ್ರಾಮಾಣಿಕವಾಗಿ ಯಾರು ಲೆಕ್ಕ ಕೊಡುತ್ತಾರೆ? ಅದೇ ವರ್ಷ ಡರ್ಬನ್ ಹತ್ತಿರ ಫೀನಿಕ್ಸ್ ಆಶ್ರಮ ಶುರುವಾಯಿತು. ಗಾಂಧೀಜಿಯ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಅಚ್ಚುಕೂಟವೂ ಅಲ್ಲಿಗೆ ಹೋಯಿತು. ಬಣ್ಣ, ದೇಶ ನೋಡದೆ ಕೆಲಸಗಾರರೆಲ್ಲರಿಗೂ ತಿಂಗಳಿಗೆ 3 ಪೌಂಡ್ ಅಂತ ಗೊತ್ತು ಮಾಡಿದರು. 1908ರಲ್ಲಿ ರಸ್ಕಿನ್ನನ ಸಾರವನ್ನು ‘ಸರ್ವೋದಯ’ ಅಂತ ಗುಜರಾತಿಯಲ್ಲಿ ಬರೆದರು. ಅರ್ಥಶಾಸ್ತ್ರದ ಪುಸ್ತಕ ಒಬ್ಬರಿಗೆ ಧರ್ಮಗ್ರಂಥದಷ್ಟೇ ಕೆಲಸ ಮಾಡಿತು.

ಇದರಿಂದ ನನ್ನಲ್ಲಿ ಬದಲಾದದ್ದು ಚಿಕ್ಕ ಸಂಗತಿ. ನನ್ನ ಮೇಜಿಗೆ ದೊಡ್ಡವರ ಪ್ರಯಾಣದ ಬಿಲ್ಲೂ ಬರುತ್ತದೆ, ಕಸ ಗುಡಿಸುವವರ ಹಾಜರಿ ಪಟ್ಟಿಯೂ ಬರುತ್ತದೆ. ದೊಡ್ಡವರ ಬಿಲ್ಲಿಗೆ ಫೋನ್ ಬರುತ್ತದೆ, ಹಾಜರಿ ಪಟ್ಟಿಗೆ ಬರುವುದಿಲ್ಲ. ಆ ಅಧ್ಯಾಯ ಓದಿದ ಮೇಲೆ ನಾನು ಹಾಜರಿ ಪಟ್ಟಿಯನ್ನು ಮೊದಲು ಕೈಗೆತ್ತಿಕೊಳ್ಳುತ್ತೇನೆ. ಫೋನ್ ಮಾಡುವವರು ಕಾಯಬಲ್ಲರು.

ಇನ್ನು ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’. ಕನ್ನಡದಲ್ಲಿ ಈ ಪ್ರಶ್ನೆಗೆ ಯಾರು ಉತ್ತರ ಬರೆದರೂ ಇದು ಬರುತ್ತದೆ. ಬರಲೇಬೇಕು. 1943ರಲ್ಲಿ ಬಂದ ಪುಸ್ತಕ, 945 ಪದ್ಯ. ಸಮಾಧಾನ ಹೇಳುವ ಪದ್ಯಗಳನ್ನು ಜನ ಜಾಸ್ತಿ ಹಂಚಿಕೊಳ್ಳುತ್ತಾರೆ. ನನ್ನನ್ನು ಹಿಡಿದದ್ದು ಶುರುವಿನ ನಾಲ್ಕು ಪದ್ಯ. ದೇವರ ಹೆಸರಿನಿಂದಲೇ ಪುಸ್ತಕ ತೆರೆಯುತ್ತದೆ, ನಿಜ. ಆದರೆ ಡಿವಿಜಿ ಅಲ್ಲಿ ಹೇಳುವುದು, ಜನ ಯಾವುದನ್ನು ಕಾಣದಿದ್ದರೂ ಪ್ರೀತಿಯಿಂದ ನಂಬಿದ್ದಾರೋ “ಆ ವಿಚಿತ್ರಕೆ ನಮಿಸೊ” ಅಂತ. ಮೂರನೇ ಪದ್ಯ “ಇಹುದೊ ಇಲ್ಲವೊ” ಅಂತಲೇ ಎತ್ತಿಕೊಳ್ಳುತ್ತದೆ. ನಾಲ್ಕನೆಯದು ಪೂರ್ತಿ ಪ್ರಶ್ನೆ. ಬದುಕಿನ ಅರ್ಥ ಏನು, ಪ್ರಪಂಚದ ಅರ್ಥ ಏನು, ಇವೆರಡಕ್ಕೂ ಏನು ಸಂಬಂಧ?

ಅನುಮಾನ ಬಂದರೆ ನಂಬಿಕೆ ಹೋಯಿತು ಅಂತ ತಿಳಿದು ಬೆಳೆದವರಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಅಂತ ಹೇಳಿ ತೀರದು. ಕೈಮುಗಿಯುವುದೂ ಪ್ರಶ್ನೆ ಕೇಳುವುದೂ ಒಂದೇ ಪುಟದಲ್ಲಿ ಇರಬಹುದು. ನಾನು ಈಗಲೂ ದೇವರ ಮುಂದೆ ನಿಲ್ಲುತ್ತೇನೆ, ಈಗಲೂ ಕೇಳುತ್ತೇನೆ. ಎರಡಕ್ಕೂ ಜಗಳ ಬಂದಿಲ್ಲ.

ಕಗ್ಗದ ಪಕ್ಕದಲ್ಲೇ ನಾನು ‘ಹಸುರು ಹೊನ್ನು’ ಇಟ್ಟಿದ್ದೇನೆ. ಬೇಕಂತಲೇ. ಬರೆದವರು ಬಿ.ಜಿ.ಎಲ್. ಸ್ವಾಮಿ, ಡಿವಿಜಿಯವರ ಮಗ. ಅಪ್ಪನಿಗೆ 1967ರಲ್ಲಿ, ಮಗನಿಗೆ ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸ್ವಾಮಿ ಸಸ್ಯಶಾಸ್ತ್ರದ ಮೇಷ್ಟ್ರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಕಥೆ ಇದು. ಒಂದು ಗಿಡ ಎದುರಾದರೆ ಅದರ ಎಲೆ, ಹೂವು, ಉಪಯೋಗ, ಹಳೆಯ ಕಾವ್ಯದಲ್ಲಿ ಅದು ಬಂದಿದ್ದರೆ ಆ ಸಾಲು, ಎಲ್ಲವೂ ಬರುತ್ತದೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ನಡುವೆ ಹುಡುಗರ ತರಲೆ, ನಗು. ಅಪ್ಪ ಇಡೀ ಸೃಷ್ಟಿಯ ಬಗ್ಗೆ ಕೇಳುತ್ತಾರೆ, ಮಗ ಒಂದು ಎಲೆಯ ತುದಿ ಹೇಗಿದೆ ಅಂತ ಬಗ್ಗಿ ನೋಡುತ್ತಾರೆ. ಎರಡನ್ನೂ ಒಟ್ಟಿಗೆ ಓದಿದ್ದು ನನ್ನ ಭಾಗ್ಯ. ಬರೀ ಕಗ್ಗ ಓದಿದ್ದರೆ ಎಲ್ಲದರ ಬಗ್ಗೆಯೂ ದೊಡ್ಡ ಮಾತು ಆಡುತ್ತಿದ್ದೆನೋ ಏನೋ.

ಓತಿಯ ಕಾದಂಬರಿ ಅಂದೆನಲ್ಲ, ಅದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, 1980ರದ್ದು. ಓದದವರಿಗೆ ಎರಡು ಮಾತು. ಕೃಷಿ ಸಾಕು, ಜಮೀನು ಮಾರಿ ಹೋಗೋಣ ಅಂತ ಯೋಚಿಸುತ್ತಿರುವ ಒಬ್ಬ ರೈತ ಕಥೆ ಹೇಳುತ್ತಾನೆ. ಕರ್ವಾಲೊ ಅನ್ನುವ ವಿಜ್ಞಾನಿ ಹಾರುವ ಓತಿಯನ್ನು ಹುಡುಕುತ್ತಿದ್ದಾರೆ. ಅದನ್ನು ಕಂಡಿರುವವನು ಮಂದಣ್ಣ. ಊರಿನ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ಜೇನು ಹಿಡಿದುಕೊಂಡು, ಹುಳ ಹುಪ್ಪಟೆ ನೋಡಿಕೊಂಡು ತಿರುಗುವವನು. ಆದರೆ ಕರ್ವಾಲೊ ಅವನನ್ನು ಹುಟ್ಟು ವಿಜ್ಞಾನಿಯಂತೆ ನೋಡುತ್ತಾರೆ. ಇಷ್ಟು ಓದಿದ ಮನುಷ್ಯ ಇವನ ಹಿಂದೆ ಯಾಕೆ ಬಿದ್ದಿದ್ದಾರೆ ಅಂತ ಕಥೆ ಹೇಳುವವನಿಗೇ ಅರ್ಥವಾಗುವುದಿಲ್ಲ.

ನನ್ನ ಯೋಚನೆ ತಿದ್ದಿದ್ದು ಇದು. ಯಾರ ಮಾತನ್ನು ಕಿವಿಗೊಟ್ಟು ಕೇಳಬೇಕು ಅನ್ನುವುದಕ್ಕೆ ನಮ್ಮ ತಲೆಯಲ್ಲಿ ಒಂದು ಪಟ್ಟಿ ಇರುತ್ತದೆ. ಓದು, ಹುದ್ದೆ, ಮಾತಿನ ಠೀವಿ. ಮಂದಣ್ಣ ಆ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಆದರೆ ಓತಿಯನ್ನು ಕಂಡವನು ಅವನು. ಈಗ ಯಾರಾದರೂ ತಡವರಿಸುತ್ತಾ ಏನೋ ಹೇಳಲು ಬಂದರೆ, ಪೂರ್ತಿ ಹೇಳಲಿ ಅಂತ ಕಾಯುತ್ತೇನೆ.

ನಂಬಿಕೆಯ ಮಾತು ಕೊನೆಯಲ್ಲಿ ಬರುತ್ತದೆ. ಕಥೆಯ ತುದಿ ಗೊತ್ತಾಗುವುದು ಬೇಡ ಅನ್ನುವವರು ಈ ಪ್ಯಾರಾ ಬಿಟ್ಟುಬಿಡಿ. ಅಷ್ಟು ದೂರ ಬೆನ್ನು ಹತ್ತಿದ ಓತಿ ಎದುರಿಗೇ ಸಿಗುತ್ತದೆ, ಆದರೆ ಕೈಗೆ ಸಿಗುವುದಿಲ್ಲ. ಕಣಿವೆಯ ಕಡೆ ತೇಲಿ ಹೋಗಿಬಿಡುತ್ತದೆ. ಮೊದಲ ಸಲ ಓದಿದಾಗ ನನಗೆ ಎದೆ ತುಂಬಿ ಬಂತು. ಯಾಕೆ ಅಂತ ಹೇಳಲು ಬರಲಿಲ್ಲ. ಆಮೇಲೆ ಕಗ್ಗದ ಆ ಶುರುವಿನ ಪದ್ಯಗಳಿಗೆ ಹೋದಾಗ ತಿಳಿಯಿತು, ಇದೂ ಅದೇ ನಮಸ್ಕಾರ. ತೇಜಸ್ವಿ ಹಾಗಂತ ಎಲ್ಲೂ ಹೇಳುವುದಿಲ್ಲ. ಇದು ನನ್ನ ಓದು.

ಇನ್ನೆರಡು ಹೆಸರು ಬೇಗ ಹೇಳುತ್ತೇನೆ. ಕಾರಂತರ ‘ಮೂಕಜ್ಜಿಯ ಕನಸುಗಳು’. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಮುದುಕಿಯೊಬ್ಬಳು ಹಳೆಯ ವಸ್ತುಗಳನ್ನು ಮುಟ್ಟಿ ಹಿಂದಿನದನ್ನು ಕಾಣುತ್ತಾಳೆ. ದೇವರುಗಳ ಬಗ್ಗೆ ಭಯವಿಲ್ಲದೆ ಮಾತಾಡುತ್ತಾಳೆ. ಸಂಸಾರವನ್ನು ಹಳಿಯುವ ವೈರಾಗ್ಯವನ್ನು ಒಪ್ಪುವುದಿಲ್ಲ. ಮನೆಯ ಹಿರಿಯರಿಗೆ ಓದಿ ಹೇಳಿ, ಮಾತು ಎಲ್ಲಿಗೋ ಹೋಗುತ್ತದೆ.

ಇನ್ನೊಂದು ವಿಕ್ಟರ್ ಫ್ರಾಂಕಲ್ ಅವರ ‘ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್’. ನಾಜಿ ಸೆರೆಶಿಬಿರಗಳಲ್ಲಿ ಬದುಕುಳಿದ ವೈದ್ಯ. ಬರೆದಿಟ್ಟಿದ್ದ ಪುಸ್ತಕದ ಹಸ್ತಪ್ರತಿಯನ್ನು ಆಶ್ವಿಟ್ಸ್‌ನಲ್ಲಿ ಕಳೆದುಕೊಂಡರು. ಆಮೇಲೆ ಇನ್ನೊಂದು ಶಿಬಿರದಲ್ಲಿ ಟೈಫಸ್ ಜ್ವರ ಬಂದಾಗ, ಚೂರು ಚೂರು ಕಾಗದದ ಮೇಲೆ ಅದನ್ನೇ ಮತ್ತೆ ಬರೆಯಲು ಟಿಪ್ಪಣಿ ಮಾಡಿಕೊಂಡರು. ಮುಗಿಸಬೇಕಾದ ಆ ಕೆಲಸ ತಾನು ಉಳಿಯಲು ನೆರವಾಯಿತು ಅನ್ನುತ್ತಾರೆ. ಮನಸ್ಸು ಕುಸಿದ ದಿನಗಳಲ್ಲಿ ನಾನು ತೆರೆಯುವುದು ಈ ಪುಸ್ತಕ. ಮಾರಯ್ಯನ ವಚನದ ಜೊತೆಗೆ.

ಎಲ್ಲಿಂದ ಶುರು ಮಾಡಲಿ ಅಂತಲೂ ಕೇಳಿದ್ದೀರಿ. ‘ಕರ್ವಾಲೊ’ದಿಂದ ಮಾಡಿ. ಕಥೆ ತಾನೇ ಎಳೆದುಕೊಂಡು ಹೋಗುತ್ತದೆ. ಕಗ್ಗದ ಭಾಷೆ ಹಳೆಯದು, ಮೊದಲಿಗೆ ಗಡುಸು ಅನ್ನಿಸುತ್ತದೆ. ಅರ್ಥ ಕೊಟ್ಟಿರುವ ಪ್ರತಿ ಹಿಡಿದು, ದಿನಕ್ಕೆ ಒಂದೇ ಪದ್ಯ, ಜೋರಾಗಿ ಓದಿ. ವಚನಕ್ಕೆ ಸರ್ಕಾರ ತಂದಿರುವ ಸಮಗ್ರ ವಚನ ಸಂಪುಟಗಳಿವೆ, ಒಟ್ಟು 15. ಅಷ್ಟೂ ಬೇಡ, ಶರಣೆಯರ ಸಂಪುಟ ಸಾಕು, ಲಕ್ಕಮ್ಮ ಅಲ್ಲೇ ಸಿಗುತ್ತಾಳೆ. ‘ಕರ್ವಾಲೊ’ ಮುಗಿದ ಮೇಲೆ ಮಂದಣ್ಣನ ಬಗ್ಗೆ ಏನನ್ನಿಸಿತು ಅಂತ ದಯವಿಟ್ಟು ಇಲ್ಲೇ ಬರೆಯಿರಿ. ಅವನ ಬಗ್ಗೆ ಎಷ್ಟು ಮಾತಾಡಿದರೂ ನನಗೆ ಸಾಕಾಗುವುದಿಲ್ಲ.