ಸಂಪಾದಕರ ಉತ್ತರ: ಫಲಕ ಹಿಡಿಯೋದಷ್ಟೇ ಅವರ ಕೆಲಸವಲ್ಲ

ಕಳೆದ ಸಂಚಿಕೆಯಲ್ಲಿ ಇಸ್ರೇಲಿನ ಶಾಂತಿ ಹೋರಾಟಗಾರ್ತಿ ವಿವಿಯನ್ ಸಿಲ್ವರ್ ಬಗ್ಗೆ ಬಂದ ಬರಹ ಓದಿ ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: “ಶಾಂತಿಗಾಗಿ ಜೀವ ತೇದ ಆ ಹೆಂಗಸನ್ನೇ ಹಮಾಸ್‌ನವರು ಕೊಂದರು. ಇತ್ತ ಇಸ್ರೇಲ್ ಸರ್ಕಾರವೂ ಇಂಥವರ ಮಾತು ಕೇಳಲಿಲ್ಲ. ಹಾಗಾದ್ರೆ ಈ ಯಹೂದಿ ಶಾಂತಿ ಸಂಘಟನೆಗಳಿಂದ ಏನು ಪ್ರಯೋಜನ? ವಿದೇಶಿ ದುಡ್ಡಲ್ಲಿ ಫಲಕ ಹಿಡಿದು ನಿಲ್ಲೋದು ತಾನೇ?”

ನಿಮ್ಮ ಬೇಸರ ನನಗೂ ಇದೆ. 1978ರಲ್ಲಿ ಇಸ್ರೇಲಿನ 348 ಮೀಸಲು ಯೋಧರು ಶಾಂತಿಯ ಹಾದಿ ಹಿಡಿಯಿರಿ ಅಂತ ತಮ್ಮ ಪ್ರಧಾನಿ ಬೆಗಿನ್‌ಗೆ ಪತ್ರ ಬರೆದರು. ‘ಪೀಸ್ ನೌ’ ಎಂಬ ಶಾಂತಿ ಸಂಘಟನೆ ಹುಟ್ಟಿದ್ದು ಅಲ್ಲಿಂದ. ಇಸ್ರೇಲ್ ಹಿಡಿತದಲ್ಲಿರುವ ಪ್ಯಾಲೆಸ್ತೀನಿ ಪ್ರದೇಶವಾದ ವೆಸ್ಟ್ ಬ್ಯಾಂಕ್‌ನಲ್ಲಿ ಯಹೂದಿ ವಸಾಹತು ಬೇಡ ಅಂತ ಅವರು ಹೇಳುತ್ತಲೇ ಇದ್ದಾರೆ, ವಸಾಹತು ಬೆಳೆಯುತ್ತಲೇ ಇದೆ. ಯುದ್ಧ ನಿಲ್ಲಿಸುವಷ್ಟು ಬಲ ಇವರಿಗಿಲ್ಲ, ನಿಜ. ಆದರೆ ಪ್ರಯೋಜನವೇ ಇಲ್ಲ ಅನ್ನೋದನ್ನು ನಾನು ಒಪ್ಪಲಾರೆ.

ಇಸ್ರೇಲಿನ ಯುವಾಲ್ ರೋತ್ ಅವರ ಕಥೆ ನೋಡಿ. 1993ರಲ್ಲಿ ಅವರ ತಮ್ಮನನ್ನು ಹಮಾಸ್‌ನವರು ಅಪಹರಿಸಿ ಕೊಂದರು. ಮನೆಯವರನ್ನು ಕಳೆದುಕೊಂಡ ಇಸ್ರೇಲಿ, ಪ್ಯಾಲೆಸ್ತೀನಿ ಕುಟುಂಬಗಳು ಒಟ್ಟಿಗೆ ಕೂರುವ ‘ಪೇರೆಂಟ್ಸ್ ಸರ್ಕಲ್’ಗೆ ಅವರು ಸೇರಿದರು. ಅಲ್ಲಿ ಪರಿಚಯವಾದ ಪ್ಯಾಲೆಸ್ತೀನಿಯೊಬ್ಬರು, ಕಾಯಿಲೆಬಿದ್ದ ನನ್ನ ಸೋದರನನ್ನು ಇಸ್ರೇಲಿನ ಹೈಫಾದ ಆಸ್ಪತ್ರೆಗೆ ಬಿಡ್ತೀರಾ ಅಂತ ಕೇಳಿದರು. ರೋತ್ ಕರೆದುಕೊಂಡು ಹೋದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಪ್ಯಾಲೆಸ್ತೀನಿ ರೋಗಿಗಳನ್ನು ಇಸ್ರೇಲಿ ಆಸ್ಪತ್ರೆಗೆ ಕರೆದೊಯ್ಯುವ ‘ರೋಡ್ ಟು ರಿಕವರಿ’ ಗುಂಪು ಬೆಳೆದದ್ದು ಹೀಗೆ.

ಕೆಲಸ ಸರಳ. ನಸುಕಿನಲ್ಲೇ ಎದ್ದು ತಪಾಸಣಾ ಗೇಟಿನ ಹತ್ತಿರ ಕಾರು ನಿಲ್ಲಿಸಿ ಕಾಯಬೇಕು. ಪರವಾನಗಿ ಚೀಟಿ ತೋರಿಸಿ, ಮಗುವನ್ನು ಎತ್ತಿಕೊಂಡು ತಾಯಿಯೋ ಅಜ್ಜಿಯೋ ಈಚೆ ಬರುತ್ತಾರೆ. ಕ್ಯಾನ್ಸರ್ ಇರುವ ಮಕ್ಕಳೂ ಅನೇಕ. ಪ್ಯಾಲೆಸ್ತೀನಿಯರು ತಮ್ಮ ಕಾರಿನಲ್ಲಿ ಇಸ್ರೇಲ್ ಒಳಗೆ ಬರುವಂತಿಲ್ಲ. ಟ್ಯಾಕ್ಸಿ ದುಡ್ಡು ಬಡವರಿಗೆ ಭರಿಸಲಾಗದು. ಚಿಕಿತ್ಸೆಯೆಂದರೆ ತಿಂಗಳುಗಟ್ಟಲೆ ಓಡಾಟ ಅಲ್ವಾ? ಆ ಓಡಾಟದ ಭಾರವನ್ನು ಈ ಸ್ವಯಂಸೇವಕರು ಹೊರುತ್ತಾರೆ. ವಿವಿಯನ್ ಕೂಡ ಹೀಗೆ ಗಾಜಾದ ರೋಗಿಗಳನ್ನು ಆಸ್ಪತ್ರೆಗೆ ಬಿಟ್ಟುಬರುತ್ತಿದ್ದರು.

ದುಡ್ಡಿನ ಮಾತಿಗೆ ಬರೋಣ. ಗಾಯಕ ಲಿಯೊನಾರ್ಡ್ ಕೋಹೆನ್ ದೇಣಿಗೆ ಕೊಟ್ಟಾಗ, ಅದನ್ನು ತಗೊಳ್ಳಲೆಂದು ರೋತ್ ತಮ್ಮ ಗುಂಪನ್ನು ನೋಂದಾಯಿಸಬೇಕಾಯಿತು. ಹೌದು, ವಿದೇಶಿ ಹಣ ಪಡೆಯುವ ಸಂಘಟನೆಗಳಿವೆ. ಅರ್ಧಕ್ಕಿಂತ ಹೆಚ್ಚು ಹಣ ವಿದೇಶಿ ಸರ್ಕಾರಗಳಿಂದ ಬಂದರೆ ಅದನ್ನು ತಮ್ಮ ಪ್ರಕಟಣೆಗಳಲ್ಲಿ ಹೇಳಲೇಬೇಕು ಅನ್ನೋ ಕಾನೂನು 2016ರಿಂದ ಇಸ್ರೇಲ್‌ನಲ್ಲಿದೆ. ಅದು ತಟ್ಟಿದ್ದು ಹೆಚ್ಚಾಗಿ ಶಾಂತಿ ಮತ್ತು ಮಾನವ ಹಕ್ಕುಗಳ ಸಂಘಟನೆಗಳಿಗೆ. ವಸಾಹತು ಬೆಂಬಲಿಸುವ ಗುಂಪುಗಳಿಗೆ ಹೊರದೇಶದ ಖಾಸಗಿ ಶ್ರೀಮಂತರಿಂದ ಬರುವ ಹಣಕ್ಕೆ ಆ ನಿಯಮವಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಫಲಕ ಹಿಡಿಯೋದನ್ನೂ ಹಗುರವಾಗಿ ಕಾಣಬೇಡಿ. 1988ರಲ್ಲಿ ಜೆರುಸಲೇಮಿನ ಹೆಂಗಸರು ವೆಸ್ಟ್ ಬ್ಯಾಂಕ್, ಗಾಜಾ ಮೇಲಿನ ಇಸ್ರೇಲಿ ಹಿಡಿತವನ್ನು ವಿರೋಧಿಸಿ ಕಪ್ಪು ಬಟ್ಟೆ ತೊಟ್ಟು, ಪ್ರತಿ ಶುಕ್ರವಾರ ಚೌಕದಲ್ಲಿ ನಿಲ್ಲತೊಡಗಿದರು. ದಾರಿಹೋಕರ ಬೈಗುಳ ಕೇಳಿಯೂ ಕದಲಲಿಲ್ಲ. ನಮ್ಮ ಬೆಂಗಳೂರಿನ ಮಹಿಳಾ ಸಂಘಟನೆ ವಿಮೋಚನಾದವರೂ ಅದೇ ರೀತಿ ಕಪ್ಪು ಉಟ್ಟು ಬೀದಿಯಲ್ಲಿ ಮೌನವಾಗಿ ನಿಂತಿದ್ದಾರೆ.

2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿದ ನಂತರ ಗಾಜಾದ ರೋಗಿಗಳಿಗೆ ದಾರಿ ಮುಚ್ಚಿತು. ರೋತ್ ಅವರ ಸ್ವಯಂಸೇವಕರಲ್ಲೂ ಕೆಲವರು ಅಂದು ಸತ್ತಿದ್ದರು. ಕೆಲವರು ಒತ್ತೆಯಾಳುಗಳಾಗಿದ್ದರು. ಉಳಿದವರು ವೆಸ್ಟ್ ಬ್ಯಾಂಕ್‌ನ ಮಕ್ಕಳನ್ನು ಆಸ್ಪತ್ರೆಗೆ ಕರೆತರೋದು ಬಿಡಲಿಲ್ಲ. ವಿವಿಯನ್ ಅವರ ಮಗ ಯೋನಾತನ್ ಇದ್ದ ಕೆಲಸ ಬಿಟ್ಟು ಅಮ್ಮನ ಹಾದಿಗೇ ಬಂದಿದ್ದಾರೆ.